ಚುಚ್ಚಿಸಿಕೊಳ್ಳಲು ಓಡಿ ಬರುವ ಶತ್ರುಗಳು

ಟರ್ಕಿಯ ಟೇಲ್‌ವರ್ಲ್ಡ್ಸ್ ಕಂಪನಿ 2022ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಬ್ಯಾನರ್‌ಲಾರ್ಡ್’ ಆಟದ ಚಟ ಕುವೆಂಪುನಗರದ ನಮ್ಮ ಮನೆಗೂ ಅಂಟಿದೆ. ಮಧ್ಯಯುಗದ ಕಾಳಗ, ಕತ್ತಿ, ಗುರಾಣಿ, ಕುದುರೆ ಎಲ್ಲ ಸೊಗಸು. ತಕರಾರಿರುವುದು ಶತ್ರುವಿನ ಕುಮ್ಮಕ್ಕು ಪಡೆಯ ಬಗ್ಗೆ. ಮುಂದಿನವರು ನೆಲಕಚ್ಚಿದಂತೆ ಮೈದಾನದ ಅಂಚಿನಿಂದ ಹೊಸಬರು ಓಡಿ ಬರುತ್ತಾರೆ. ಸಾಲೂ ಇಲ್ಲ, ಸರದಾರನೂ ಇಲ್ಲ. ನಮ್ಮ ಮಗರಾಯ ಅಲ್ಲೇ ಈಟಿ ಹಿಡಿದು ಕಾದಿರುತ್ತಾನೆ. ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಕೋಡುಬಳೆ. ಕೋಡುಬಳೆ ಮುಗಿಯುವುದರೊಳಗೆ ಶತ್ರುಸೈನ್ಯವೂ ಮುಗಿದಿರುತ್ತದೆ.

ನಿಜವಾದ ಶತ್ರುಗಳು ಇಷ್ಟು ಪಾಪದವರಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬ್ರಿಟಿಷ್ ಸೇನಾನಿ ಹ್ಯಾರಿಸ್‌ನ ಪಡೆ ವೆಲ್ಲೂರಿನಿಂದ ಹೊರಟರೆ, ಇನ್ನೊಬ್ಬ ಸೇನಾನಿ ಸ್ಟೂವರ್ಟ್‌ನದು ಕಣ್ಣೂರಿನಿಂದ ಕೊಡಗಿನ ಮೂಲಕ ಬಂತು. ಎರಡೂ ಕೂಡುವ ಮೊದಲೇ ಮುರಿಯಬೇಕೆಂದು ಟಿಪ್ಪು ಮಾರ್ಚ್ 6ರಂದು ಪಿರಿಯಾಪಟ್ಟಣದಾಚೆಯ ಕಾಡಿನಲ್ಲಿ ಎರಗಿದ. ಸ್ಟೂವರ್ಟ್‌ನ ಪಡೆಯ ಮುಂದಿದ್ದ ತುಕಡಿ ಕದಲಲಿಲ್ಲ. ಹಿಂದಿನಿಂದ ಸ್ಟೂವರ್ಟ್ ದಂಡು ಕಟ್ಟಿಕೊಂಡೇ ಬಂದ. ಏಪ್ರಿಲ್‌ನಲ್ಲಿ ಪಡೆಗಳು ಕೂಡಿದವು, ಮೇ 4ಕ್ಕೆ ಕೋಟೆ ಬಿತ್ತು.

ಇತಿಹಾಸ ಓದಲು ಬೇಸರವಾದರೆ ಆಟ ತಯಾರಿಸುವವರು ಮೈಸೂರಿನ ಯಾವುದಾದರೂ ಕಲ್ಯಾಣಮಂಟಪದಲ್ಲಿ ಅರ್ಧ ದಿನ ಕೂರಲಿ. ಮುಹೂರ್ತಕ್ಕೆ ಒಬ್ಬೊಬ್ಬರಾಗಿ ಬಂದ ನೆಂಟರು, ಎಲೆ ಹಾಕಿದ ಸುದ್ದಿ ತಿಳಿದದ್ದೇ ತಡ, ಒಂದೇ ದಂಡಾಗಿ ಎಲ್ಲ ಬಾಗಿಲಿನಿಂದಲೂ ನುಗ್ಗುತ್ತಾರೆ. ಉಣ್ಣುವವರ ಬೆನ್ನಹಿಂದೆ ನಿಂತು ಕುರ್ಚಿ ಹಿಡಿಯುವ ಆ ವ್ಯೂಹವನ್ನು ಕೋಡ್‌ನಲ್ಲಿ ಬರೆದುಬಿಟ್ಟರೆ ಸಾಕು, ಮಗರಾಯ ಸೋತು ಸುಣ್ಣವಾಗಿ ಪರೀಕ್ಷೆಗಾದರೂ ಓದಿಯಾನು.