ಹದಿನಾಲ್ಕು ಪಾಯಿಂಟ್ ಸೊನ್ನೆ ನಾಲ್ಕರ ಭಾವ

ನಮ್ಮ ಭಾವನಿಗೆ ಎರಡು ಹಠ. ಹಳೆಯದನ್ನು ಬಿಸಾಡಕೂಡದು, ಹೊಸದನ್ನು ಬಿಡಕೂಡದು. ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ ನಡೆಯಬೇಕು. ಅದರಲ್ಲಿದ್ದದ್ದು 2014ರ ಏಪ್ರಿಲ್‌ನಲ್ಲಿ ಬಂದ ಉಬುಂಟು 14.04 ಆಪರೇಟಿಂಗ್ ಸಿಸ್ಟಮ್. 2018ರಲ್ಲಿ “ಬದಲಾಯಿಸಿ ಭಾವ” ಎಂದಿದ್ದಕ್ಕೆ, “ಐದು ವರ್ಷ ಬೆಂಬಲ ಕೊಡ್ತೀವಿ ಅಂದಿದಾರಯ್ಯ, ಇನ್ನೂ ಒಂದು ವರ್ಷ ಬಾಕಿ ಇದೆ. ಯಾಕೆ ದಂಡ ಮಾಡ್ಲಿ?” ಎಂದರು, ಬಸ್ ಪಾಸಿನ ಲೆಕ್ಕದಲ್ಲಿ.

ಒಂದು ಭಾನುವಾರ ಅಕ್ಕ ಮಹಿಳಾ ಸಮಾಜದ ಲೆಕ್ಕದ ಫೈಲು ತೆರೆದರೆ ಕಾಲಂಗಳೆಲ್ಲ ಚೆಲ್ಲಾಪಿಲ್ಲಿ. ಲ್ಯಾಪ್‌ಟಾಪಿನಲ್ಲಿದ್ದ ಲಿಬ್ರೆ ಆಫೀಸ್ 4.2ಕ್ಕೆ ವಯಸ್ಸಾಗಿತ್ತು. ಭಾವ ತೋಳು ಮಡಚಿದರು. “ಹೊಸದನ್ನು ಸ್ನ್ಯಾಪ್ ಪ್ಯಾಕೇಜಾಗಿ ಹಾಕಿಬಿಡೋಣ. ಐದು ನಿಮಿಷ.”

ಹಳೇ ಡೆಬ್ ಪ್ಯಾಕೇಜು ಕೈಬೀಸಿಕೊಂಡು ಬರುವ ನೆಂಟ. ಸೋಪು, ಟವೆಲು, ಚಾಪೆ ಎಲ್ಲ ಮನೆಯವರೇ ಕೊಡಬೇಕು. ಸ್ನ್ಯಾಪ್ ಹಾಗಲ್ಲ, ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ ಹಾಸಿಗೆ ಸುರುಳಿಯಂತೆ ಕಟ್ಟಿಕೊಂಡೇ ಬರುತ್ತದೆ. ಆದರೆ ಈ ನೆಂಟನಿಗೆ, ಯಂತ್ರ ಶುರುವಾದಾಗ ಎಲ್ಲವನ್ನೂ ಎಬ್ಬಿಸುವ ಸಿಸ್ಟಮ್‌ಡಿ ಇಲ್ಲದ ಮನೆ ಆಗದು. 14.04ರ ಯಜಮಾನಿಕೆ ಅಪ್‌ಸ್ಟಾರ್ಟಿನದು, ಅದು ಕುರ್ಚಿ ಬಿಡದು. ಕೊನೆಗೆ ಸಿಸ್ಟಮ್‌ಡಿಯನ್ನು ಅದರ ಪಕ್ಕದಲ್ಲೊಂದು ಸ್ಟೂಲು ಹಾಕಿ ಕೂರಿಸುವ ಏರ್ಪಾಡಾಯಿತು. ಕರ್ನಲ್ಲೂ 3.13 ಸಾಲದು, 4.4 ಬೇಕು. ನೆಂಟ ಬರುತ್ತಾನೆಂದು ಮನೆಯ ಪಾಯವನ್ನೇ ಅಗೆದು ಕಟ್ಟಿದಂತಾಯಿತು. ಭಾವನಿಗೆ ಅದೇ ಹಬ್ಬ. ಎರಡು ಸಲ ರೀಬೂಟ್, ಮೂರು ಸಲ ಕಾಫಿ.

“ಮೊದಲು ಚಿಕ್ಕದು ಹಾಕಿ ನೋಡೋಣ” ಎಂದು ಹಲೋ-ವರ್ಲ್ಡ್ ಸ್ನ್ಯಾಪ್ ಹಾಕಿದರು. ಅದರ ಜೊತೆಗೇ ಹತ್ತಾರು ಎಂಬಿಯ ಕೋರ್ ಸ್ನ್ಯಾಪ್ ಇಳಿಯಿತು. ಆಮೇಲೆ ಕಪ್ಪು ಪರದೆಯ ಮೇಲೆ ಎರಡೇ ಪದ: ಹಲೋ ವರ್ಲ್ಡ್! ಭಾವ ಕೈ ಜೋಡಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಜಾಗ ಎಷ್ಟು ಉಳಿದಿದೆ ಎಂದು ಡಿಎಫ್ ಆದೇಶ ಕೊಟ್ಟರು. ಹಿಂದೆ ನಿಂತಿದ್ದ ಅಕ್ಕ ಬೆಚ್ಚಿದಳು. “ರೀ, ಲೂಪ್ ಅನ್ನೋದು ನೂರಕ್ಕೆ ನೂರು ತುಂಬಿಹೋಗಿದೆಯಲ್ರೀ!”

“ಅದು ಬರೀ ಓದೋದಕ್ಕೆ ಕಟ್ಟಿರೋ ಗಂಟು ಕಣೇ, ಯಾವಾಗ್ಲೂ ತುಂಬೇ ಇರುತ್ತೆ.”

“ನಿಮ್ಮ ಅಟ್ಟದ ಹಾಗೆ” ಎಂದು ಒಳಗೆ ಹೋದಳು.

ಲಿಬ್ರೆ ಆಫೀಸ್ ಸ್ನ್ಯಾಪ್ ಇಳಿಯತೊಡಗಿದ್ದು ರಾತ್ರಿ ಒಂಬತ್ತಕ್ಕೆ. ಅಷ್ಟರಲ್ಲಿ ಅಕ್ಕ ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಎಳೆದು ಇಡೀ ಲೆಕ್ಕ ಬರೆದಿದ್ದಳು. ಏಳು ರೂಪಾಯಿ ಮಾತ್ರ ತಾಳೆಯಾಗಲಿಲ್ಲವಂತೆ.