ಚ್ಯಾಟನೂಗಾ ಯಾತ್ರಾವಿಧಿ

ಅಮೆರಿಕದ ದಕ್ಷಿಣ ಸೀಮೆಯ ಮಧ್ಯಮ ಗಾತ್ರದ ಊರೊಂದಕ್ಕೆ ಶರತ್ಕಾಲದಲ್ಲಿ ಹೋಗಿಬರುವುದು ಹೇಗೆ ಎಂದು ಅನೇಕರು ನನ್ನನ್ನು ಕೇಳುತ್ತಾರೆ. ಕೇಳದವರಿಗೂ ನಾನು ಹೇಳುತ್ತೇನೆ. ಈ ವಿಷಯದಲ್ಲಿ ನನ್ನ ಅಧಿಕಾರ ಸಣ್ಣದಲ್ಲ. ಅಟ್ಲಾಂಟಾದ ಹೊರವಲಯದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹನ್ನೊಂದು ಶರತ್ಕಾಲದ ಪ್ರವಾಸಗಳನ್ನು ಯೋಜಿಸಿದ್ದೇನೆ. ಅವುಗಳಲ್ಲಿ ಒಂದು ನಡೆದೂ ಇದೆ. ಉಳಿದ ಹತ್ತು ಏನಾದವು ಎಂದು ಕೊಂಕು ತೆಗೆಯುವವರಿಗೆ ಒಂದು ಮಾತು: ಮುಹೂರ್ತ ಇಟ್ಟುಕೊಡುವ ಜೋಯಿಸರನ್ನು ‘ನೀವೆಷ್ಟು ಸಲ ಮದುವೆಯಾಗಿದ್ದೀರಿ’ ಎಂದು ಯಾರೂ ಕೇಳುವುದಿಲ್ಲ.

ಸ್ಥಳನಿರ್ಣಯ

ಊರು ತೀರ ದೊಡ್ಡದಿರಬಾರದು, ಪಾರ್ಕಿಂಗ್ ಹುಡುಕುವುದರಲ್ಲೇ ಸಂಜೆಯಾಗುತ್ತದೆ. ತೀರ ಸಣ್ಣದೂ ಇರಬಾರದು, ಫೋಟೋ ಹಾಕಿದಾಗ ಬೆಂಗಳೂರಿನ ನೆಂಟರು ‘ಅದೆಲ್ಲಿ ಬಂತು?’ ಎನ್ನುತ್ತಾರೆ. ಟೆನೆಸ್ಸಿ ರಾಜ್ಯದ ಚ್ಯಾಟನೂಗಾ ಈ ಎರಡರ ನಡುವೆ ಹದವಾಗಿ ಕೂತಿದೆ. 2020ರ ಜನಗಣತಿಯಲ್ಲಿ 1,81,099 ಜನ. ನಮ್ಮ ಲೆಕ್ಕದಲ್ಲಿ ಹಾಸನ, ಮಂಡ್ಯಗಳ ಸಾಲಿನ ಊರು. ಅಟ್ಲಾಂಟಾದಿಂದ ಸುಮಾರು 120 ಮೈಲಿ. ಎರಡು ಗಂಟೆಯ ದಾರಿ. ನಾಲ್ಕು ಕನ್ನಡ ಕುಟುಂಬಗಳು ನಾಲ್ಕು ಕಾರಿನಲ್ಲಿ ಒಬ್ಬರಿಗೊಬ್ಬರು ಕಾಯುತ್ತ ಹೋದರೆ ನಾಲ್ಕೂವರೆ.

ಊರಿಗೆ ಖ್ಯಾತಿಯೂ ಇದೆ. 1941ರಲ್ಲಿ ಗ್ಲೆನ್ ಮಿಲ್ಲರ್ ವಾದ್ಯವೃಂದ ನುಡಿಸಿದ ‘ಚ್ಯಾಟನೂಗಾ ಚೂ ಚೂ’ ಎಂಬ ರೈಲಿನ ಹಾಡು ಜಗತ್ತನ್ನೇ ಸುತ್ತಿತು. ರೈಲಿನಿಂದ ಹೆಸರಾದ ಈ ಊರಿಗೆ 1971ರಿಂದ ಪ್ರಯಾಣಿಕರ ರೈಲು ಬರುವುದಿಲ್ಲ. ಯೋಜನೆ ಬೇರೆ, ಪ್ರಯಾಣ ಬೇರೆ ಎಂಬ ನನ್ನ ಸಿದ್ಧಾಂತಕ್ಕೆ ಒಂದು ಇಡೀ ಊರೇ ಸಾಕ್ಷಿ ಹೇಳುತ್ತಿರುವಾಗ ಬೇರೆ ಊರನ್ನು ಯಾಕೆ ಹುಡುಕಬೇಕು?

ನಾಮನಿರ್ಣಯ

ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಿ. ನಾನು ವಾಟ್ಸಾಪ್ ಗುಂಪಿಗೆ ‘ಚಟ್ಟನೂಗಾ ಯಾತ್ರೆ’ ಎಂದು ಹೆಸರಿಟ್ಟೆ. ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಮ್ಮ ಅದನ್ನು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

“ಚಟ್ಟ ಅಂತ ಶುರುವಾಗತ್ತಲ್ಲೋ. ಅದರ ಪಕ್ಕದಲ್ಲೇ ಯಾತ್ರೆ ಅಂತ ಬೇರೆ. ನವರಾತ್ರಿ ಹತ್ರ ಬಂತು, ಬಿಡ್ತು ಅನ್ನು.”

ಬಿಡ್ತು ಅಂದೆ. ಕಡಿದಾಗಿ ಚೂಪಾಗುವ ಬಂಡೆ ಎಂಬರ್ಥದ ಮೂಲನಿವಾಸಿಗಳ ಮಾತಿನಿಂದ ಊರಿಗೆ ಈ ಹೆಸರು ಬಂತು ಎನ್ನುತ್ತಾರೆ ಎಂದು ವಿವರಿಸಿದೆ. ಕಡಿದಾದ ಬಂಡೆಯ ಮೇಲೆ ವಯಸ್ಸಾದವರನ್ನು ಯಾಕೆ ಹತ್ತಿಸುತ್ತೀಯ ಎಂದು ಅವರು ಇನ್ನೊಂದು ಆಕ್ಷೇಪ ಎತ್ತಿದರು. ‘ಚ್ಯಾಟ’ ಎಂದು ಬರೆದ ಮೇಲೆ ದೋಷ ಪರಿಹಾರವಾಯಿತು. ಕಾಗುಣಿತ ತಿದ್ದಿ ಅಪಶಕುನ ಕಳೆಯುವ ಸೌಲಭ್ಯ ನಮ್ಮ ಲಿಪಿಯಲ್ಲಿ ಇರುವುದು ಭಾಗ್ಯ.

ಕಾಲನಿರ್ಣಯ

ಇದು ಶಾಸ್ತ್ರದ ಹೃದಯಭಾಗ. ನಮ್ಮಲ್ಲಿ ಎಲೆ ಕೆಂಪಾಗುವುದು ಹುಟ್ಟುವಾಗ. ಮಾವಿನ ಚಿಗುರು ನೆನಪಿಸಿಕೊಳ್ಳಿ. ಇಲ್ಲಿ ಕೆಂಪಾಗುವುದು ಉದುರುವ ಮುನ್ನ. ಹಗಲು ಕುಗ್ಗಿ ರಾತ್ರಿ ತಣ್ಣಗಾಗುತ್ತ ಬಂದಂತೆ ಮರವು ಎಲೆಯ ತೊಟ್ಟಿನ ಬಳಿ ಬಾಗಿಲು ಹಾಕಿಕೊಳ್ಳಲು ಶುರುಮಾಡುತ್ತದೆ. ಹಸಿರಿನ ಕ್ಲೋರೊಫಿಲ್ ಕರಗುತ್ತದೆ, ಒಳಗೇ ಇದ್ದ ಹಳದಿ ಹೊರಗೆ ಕಾಣುತ್ತದೆ. ಕೆಲವು ಮರಗಳಲ್ಲಿ ಆಚೆ ಹೋಗಲಾರದೆ ಎಲೆಯಲ್ಲೇ ಉಳಿದ ಸಕ್ಕರೆಯಿಂದ ಕೆಂಪು ತಯಾರಾಗುತ್ತದೆ. ಇದನ್ನು ಗುಂಪಿನಲ್ಲಿ ವಿವರಿಸಿದಾಗ ಇಬ್ಬರು ಹಿರಿಯರು ತಮ್ಮ ಸಕ್ಕರೆ ಎಷ್ಟಿದೆ ಎಂದು ತಿಳಿಸಿದರು. ಮೂರು ದಿನ ಚರ್ಚೆ ಮೆಂತ್ಯಕಾಳಿನ ಸುತ್ತ ನಡೆಯಿತು.

ಚ್ಯಾಟನೂಗಾದ ಸುತ್ತ ಬಣ್ಣ ತುಂಬಿ ನಿಲ್ಲುವುದು ಸಾಮಾನ್ಯವಾಗಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ದಿನಗಳವರೆಗೆ. ಆದ್ದರಿಂದ ಆ ದಿನಗಳಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಅಕ್ಟೋಬರ್ 31 ಹ್ಯಾಲೊವೀನ್. ಮಕ್ಕಳು ಮನೆಮನೆಗೆ ಮಿಠಾಯಿ ಎತ್ತಬೇಕು. ನವೆಂಬರ್ 1 ರಾಜ್ಯೋತ್ಸವ. ಅದನ್ನು ಕನ್ನಡ ಕೂಟದವರು ಹಿಂದಿನ ಶನಿವಾರ ಮಾಡುತ್ತಾರೋ ಮುಂದಿನ ಶನಿವಾರವೋ ಎಂಬುದು ಸಭಾಂಗಣ ಸಿಗುವುದರ ಮೇಲೆ. ಎರಡೂ ಶನಿವಾರಗಳನ್ನು ಕಾಯ್ದಿರಿಸಿ ಇಡುವುದು ಕ್ಷೇಮ, ಏಕೆಂದರೆ ಪ್ರತಿ ಮನೆಯಲ್ಲೂ ಒಂದು ಮಗು ಗುಂಪುನೃತ್ಯದಲ್ಲಿ ಹಿಂದಿನ ಸಾಲಿನಲ್ಲಿರುತ್ತದೆ. ದೀಪಾವಳಿ ಎಲ್ಲಿ ಬೀಳುತ್ತದೋ ಪಂಚಾಂಗಕ್ಕೇ ಬಿಟ್ಟದ್ದು. ಉಳಿದ ಶನಿವಾರಗಳನ್ನು ಕಾಲೇಜು ಫುಟ್‌ಬಾಲ್ ತಿಂದುಹಾಕುತ್ತದೆ. ಆಟ ನಮಗೆ ಅರ್ಥವಾಗುವುದಿಲ್ಲ. ಆದರೆ ಹೆದ್ದಾರಿಯ ಟ್ರಾಫಿಕ್ ಅರ್ಥವಾಗುತ್ತದೆ.

ಇಷ್ಟಾಗಿಯೂ ನವೆಂಬರ್ ಮೊದಲ ವಾರಾಂತ್ಯ ಖಾಲಿ ಸಿಕ್ಕಿತೆನ್ನಿ. ಆಗ ಅಲ್ಲಿ ‘ಹೆಡ್ ಆಫ್ ದಿ ಹೂಚ್’ ಎಂಬ ದೋಣಿ ಪಂದ್ಯ ನಡೆಯುತ್ತದೆ. ಹೆಸರು ಜಾರ್ಜಿಯಾದ ಚಟ್ಟಾಹೂಚಿ ನದಿಯದು, 2005ರಿಂದ ಪಂದ್ಯ ನಡೆಯುತ್ತಿರುವುದು ಟೆನೆಸ್ಸಿ ನದಿಯಲ್ಲಿ. ಹುಟ್ಟು ಹಾಕುವವರು, ಅವರ ಅಪ್ಪ ಅಮ್ಮಂದಿರು ಊರಿನ ಕೋಣೆಗಳನ್ನೆಲ್ಲ ಮೊದಲೇ ಹಿಡಿದಿರುತ್ತಾರೆ. ಅವರಲ್ಲಿ ವಾಟ್ಸಾಪ್ ಗುಂಪುಗಳಿಲ್ಲ ಎಂದು ಕಾಣುತ್ತದೆ.

ನಮ್ಮ ಗುಂಪಿನ ಕಾರ್ಯವೈಖರಿಯನ್ನು ದಾಖಲಿಸುವುದು ನನ್ನ ಕರ್ತವ್ಯ. ಸೆಪ್ಟೆಂಬರ್ ಮೊದಲ ದಿನ ನಾನು ಮೂರು ದಿನಾಂಕ ಸೂಚಿಸಿದೆ. ಅಟ್ಲಾಂಟಾದ ಪಕ್ಕದ ಆಲ್ಫರೆಟ್ಟಾದವರು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಮೂರರಲ್ಲಿ ಯಾವುದಕ್ಕೆ ಎಂದು ಹೇಳಲಿಲ್ಲ. ಜಾನ್ಸ್ ಕ್ರೀಕ್‌ನವರು ‘ನಮ್ಗೆ ಯಾವ್ದಾದ್ರೂ ಓಕೆ’ ಎಂದು ಬರೆದು ಮೂರಕ್ಕೂ ಬರಲಾಗದ ಕಾರಣಗಳನ್ನು ಬೇರೆಬೇರೆಯಾಗಿ ತಿಳಿಸಿದರು. ಕಮ್ಮಿಂಗ್ ಎಂಬ ಊರಿನವರು ‘ಕಮಿಂಗ್’ ಎಂದರು. ಅದು ಒಪ್ಪಿಗೆಯೋ ವಿಳಾಸವೋ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಇಲ್ಲಿ ಒಂದು ಹೋಲಿಕೆ. 1899ರಲ್ಲಿ ಚ್ಯಾಟನೂಗಾದ ಇಬ್ಬರು ವಕೀಲರು ಅಟ್ಲಾಂಟಾಕ್ಕೆ ಬಂದು ಕೋಕಾ ಕೋಲಾವನ್ನು ಬಾಟಲಿಗೆ ತುಂಬಿ ಮಾರುವ ಹಕ್ಕನ್ನು ಒಂದು ಡಾಲರಿಗೆ ಬರೆಸಿಕೊಂಡು ಹೋದರು. ಮಾಲೀಕ ಏಸಾ ಕ್ಯಾಂಡ್ಲರ್ ಆ ಒಂದು ಡಾಲರನ್ನೂ ವಸೂಲಿ ಮಾಡಲಿಲ್ಲವಂತೆ. ಅಟ್ಲಾಂಟಾ ಮತ್ತು ಚ್ಯಾಟನೂಗಾಗಳ ನಡುವೆ ಸಲೀಸಾಗಿ ಮುಗಿದ ವ್ಯವಹಾರ ನನಗೆ ತಿಳಿದಂತೆ ಇದೊಂದೇ. ನಾವು ಬಾಡಿಗೆ ಮನೆಯ ಮುಂಗಡವನ್ನು ನಾಲ್ಕು ಭಾಗ ಮಾಡಲು ಹದಿನೇಳು ದಿನ ತೆಗೆದುಕೊಂಡೆವು.

ಕೊನೆಗೆ ನಿಂತ ದಿನಾಂಕ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ. ಆ ಹೊತ್ತಿಗೆ ಎಲೆ ಇರುತ್ತದೆಯೇ ಎಂದು ಯಾರೋ ಕೇಳಿದರು. ಆ ಸಂದೇಶಕ್ಕೆ ಮೂವರು ನಗುವ ಮುಖ ಹಾಕಿದರು. ವಿಷಯ ಅಲ್ಲಿಗೆ ಇತ್ಯರ್ಥವಾಯಿತು.

ಹೊರಡುವ ಗಳಿಗೆ: ಶನಿವಾರ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಆದ್ದರಿಂದ ಎಂಟಕ್ಕೇ ಹೊರಡುವುದೆಂದು ಠರಾವಾಗುತ್ತದೆ, ಹತ್ತೂವರೆಗೆ ಹೊರಡಲಾಗುತ್ತದೆ. ಯಾರನ್ನೂ ದೂರಬೇಕಾಗಿಲ್ಲ, ತಡವಾದದ್ದನ್ನು ರಾಹುವಿನ ಲೆಕ್ಕಕ್ಕೆ ಹಾಕಬಹುದು. ಒಂದೇ ಎಚ್ಚರ, ಚ್ಯಾಟನೂಗಾ ದಾಟಿ ಪಶ್ಚಿಮಕ್ಕೆ ಸ್ವಲ್ಪ ಮುಂದೆ ಹೋದರೂ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಎಂಟಕ್ಕೇ ಹೊರಟವರಿಗೆ, ಕಳೆದುಬಂದ ರಾಹುಕಾಲ ಅಲ್ಲಿ ಮತ್ತೆ ಕಾದು ನಿಂತಿರುತ್ತದೆ.

ಆಹಾರನಿರ್ಣಯ

ದಕ್ಷಿಣದ ಜನ ಉಪಚಾರಕ್ಕೆ ಹೆಸರಾದವರು. ತರಕಾರಿ ಬೇಕು ಎಂದರೆ ತರಕಾರಿಯನ್ನೇ ಕೊಡುತ್ತಾರೆ, ಅದರೊಳಗೆ ಹಂದಿಯನ್ನೂ ಇಡುತ್ತಾರೆ. ಹುರುಳಿಕಾಯಿ ಪಲ್ಯದಲ್ಲಿ, ಕಾಲರ್ಡ್ ಸೊಪ್ಪಿನಲ್ಲಿ ಒಂದು ಚೂರು ಮಾಂಸ ಬಿದ್ದಿಲ್ಲದಿದ್ದರೆ ರುಚಿಯೇ ಇಲ್ಲ ಎಂಬುದು ಅಲ್ಲಿನ ಹಳೆಯ ಅಡಿಗೆಯ ಧರ್ಮ. ಗ್ರಿಟ್ಸ್ ಎಂಬುದು ಮುಸುಕಿನ ಜೋಳದ ನುಚ್ಚಿನ ಗಂಜಿ. ಒಗ್ಗರಣೆ ಕಾಣದ ಉಪ್ಪಿಟ್ಟು ಎಂದುಕೊಂಡು ತಿನ್ನಬಹುದು. ಹಿಟ್ಟಿನಲ್ಲಿ ಹೊರಳಿಸಿ ಕರಿದ ಬೆಂಡೆಕಾಯಿ ಸಿಗುತ್ತದೆ. ಅದೊಂದೇ ನಮ್ಮ ಪಾಲಿನ ದೇವರು. 1917ರಿಂದ ಈ ಊರಿನಲ್ಲೇ ತಯಾರಾಗುವ ಮೂನ್‌ಪೈ ಎಂಬ ಸಿಹಿ ಬಿಸ್ಕತ್ತನ್ನು ಕೊಳ್ಳದೆ ಬರುವಂತಿಲ್ಲ. ನಡುವಿನ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುವುದರಿಂದ ಶುದ್ಧ ಸಸ್ಯಾಹಾರಿಗಳು ತಿನ್ನುವಂತಿಲ್ಲ. ಅವರು ಪೆಟ್ಟಿಗೆ ಕೊಂಡು ಆಫೀಸಿನಲ್ಲಿ ಹಂಚುತ್ತಾರೆ.

ಆದ್ದರಿಂದ ಪುಳಿಯೋಗರೆ. ಗುಂಪಿನಲ್ಲಿ ‘ಗೊಜ್ಜು ಯಾರು ತರ್ತೀರಾ?’ ಎಂದು ಕೇಳಿದೆ. ನಾಲ್ಕೂ ಮನೆಯವರು ಐದು ನಿಮಿಷದೊಳಗೆ ‘ನಾವು ತರ್ತೀವಿ’ ಎಂದರು. ಇಡೀ ಯೋಜನೆಯಲ್ಲಿ ಒಮ್ಮತದಿಂದ, ಹೊತ್ತಿಗೆ ಸರಿಯಾಗಿ ಬಂದ ಉತ್ತರ ಇದೊಂದೇ ಆದ್ದರಿಂದ ನಾನು ಮುಂದೆ ಏನೂ ಕೇಳಲಿಲ್ಲ. ಬಾಡಿಗೆ ಮನೆಯ ಅಡಿಗೆ ಕಟ್ಟೆಯ ಮೇಲೆ ಸಾಲಾಗಿ ನಿಂತದ್ದು ನಾಲ್ಕು ಬಾಟಲಿ ಗೊಜ್ಜು, ಮೂರು ರೈಸ್ ಕುಕ್ಕರ್. ಒಂದು ಮೇಲುಕೋಟೆಯ ಕ್ರಮ, ಒಂದಕ್ಕೆ ಎಳ್ಳು ಮುಂದು, ಒಂದಕ್ಕೆ ಬೆಲ್ಲ ಮುಂದು, ಇನ್ನೊಂದು ಅಂಗಡಿಯದ್ದು, ಬಾಟಲಿ ಮಾತ್ರ ಮನೆಯದ್ದು. ಅಕ್ಕಿ ಯಾರೂ ತಂದಿರಲಿಲ್ಲ.

ದರ್ಶನವಿಧಿ

ನೋಡಿದ್ದನ್ನು ಕೂಡಲೇ ನಮ್ಮಲ್ಲಿನದಕ್ಕೆ ಹೋಲಿಸಿ ಇಳಿಸಬೇಕು, ಆಮೇಲೆ ಫೋಟೋ. ಈ ಕ್ರಮ ತಪ್ಪಬಾರದು. ಲುಕ್‌ಔಟ್ ಬೆಟ್ಟದ ಹೊಟ್ಟೆಯೊಳಗೆ ರೂಬಿ ಫಾಲ್ಸ್ ಇದೆ. 1928ರಲ್ಲಿ ಲಿಯೋ ಲ್ಯಾಂಬರ್ಟ್ ಕಂಡುಹಿಡಿದು ಹೆಂಡತಿಯ ಹೆಸರಿಟ್ಟ, 145 ಅಡಿಯ ನೆಲದಾಳದ ಜಲಪಾತ. ಬಣ್ಣದ ದೀಪ ಹತ್ತಿ ನೀರು ಹೊಳೆದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಅಪಾಯ ಅರಿತು ನಾನೇ “ನಮ್ಮ ಜೋಗ 830 ಅಡಿ” ಎಂದೆ. ಎಲ್ಲರಿಗೂ ಉಸಿರು ಬಂತು. ಆಲ್ಫರೆಟ್ಟಾದವರ ಹೆಂಡತಿ ಮಾತ್ರ ಗಂಡನ ಮುಖವನ್ನೇ ನೋಡುತ್ತ, “ಇಪ್ಪತ್ತು ವರ್ಷ ಆಯ್ತು, ನನ್ನ ಹೆಸರು ಒಂದು ವೈಫೈಗೂ ಇಟ್ಟಿಲ್ಲ ನೀವು” ಎಂದರು. ಇದು ಯೋಜನೆಯಲ್ಲಿ ಇರಲಿಲ್ಲ.

1895ರಿಂದ ಬೆಟ್ಟ ಹತ್ತುತ್ತಿರುವ ಇನ್‌ಕ್ಲೈನ್ ರೈಲಿನ ದಾರಿ ಒಂದೆಡೆ ಶೇಕಡಾ 72.7ರಷ್ಟು ಕಡಿದು. ಹತ್ತುವಾಗ ವಿಷ್ಣು ಸಹಸ್ರನಾಮ, ಇಳಿಯುವಾಗ ವಿಡಿಯೋ. ಇದೇ ಬೆಟ್ಟದಲ್ಲಿ 1863ರ ನವೆಂಬರ್ 24ರಂದು ಅಂತರ್ಯುದ್ಧದ ಕಾಳಗವೊಂದು ಮಂಜಿನೊಳಗೇ ನಡೆಯಿತು; ಮೋಡದ ಮೇಲಿನ ಯುದ್ಧ ಎಂದೇ ಅದಕ್ಕೆ ಹೆಸರು. ಅವರಿಗೂ ಸಿಕ್ಕ ದಿನಾಂಕ ನವೆಂಬರ್ ಕೊನೆಯದೇ ಎಂಬುದನ್ನು ಗಮನಿಸಬೇಕು.

ಕೊನೆಗೆ ರಾಕ್ ಸಿಟಿ. ಬೆಟ್ಟದ ಮೇಲಿನ ಈ ಬಂಡೆತೋಟ ಇರುವುದು ಜಾರ್ಜಿಯಾದಲ್ಲಿ. ಅಂದರೆ ನಾವು ಜಾರ್ಜಿಯಾದಿಂದ ಹೊರಟು, ಟೆನೆಸ್ಸಿ ಸೇರಿ, ಟಿಕೆಟ್ ಕೊಂಡು ಮತ್ತೆ ಜಾರ್ಜಿಯಾಕ್ಕೆ ಬಂದೆವು. ಒಳಗೆ ‘ಫ್ಯಾಟ್ ಮ್ಯಾನ್ಸ್ ಸ್ಕ್ವೀಜ್’ ಎಂಬ ಬಂಡೆಗಳ ನಡುವಿನ ಸಂದಿ ಇದೆ. ಕಮ್ಮಿಂಗ್‌ನವರು ಉಸಿರು ಒಳಗೆಳೆದುಕೊಂಡು ಅಡ್ಡಡ್ಡ ನಡೆದರು. ಅರ್ಧ ದಾರಿಯಲ್ಲಿ ಜೇಬಿನ ಫೋನ್ ಬಂಡೆಗೆ ಒತ್ತಿ ಗುಂಪಿಗೆ ತಾನಾಗಿಯೇ ಒಂದು ಹೆಬ್ಬೆರಳು ಹೋಯಿತು. ಅವರು ಕಳಿಸಿದ ಮೊದಲ ಸ್ಪಷ್ಟ ಉತ್ತರ ಅದು.

ತುದಿಯ ಬಂಡೆಯಿಂದ ಏಳು ರಾಜ್ಯ ಕಾಣುತ್ತವೆ ಎಂದು ಏಳು ಬಾವುಟ ನೆಟ್ಟಿದ್ದಾರೆ. ಅವುಗಳಲ್ಲಿ ಕೆಂಟಕಿ, ವರ್ಜೀನಿಯಾಗಳ ಗಡಿ 100 ಮೈಲಿಗೂ ಆಚೆ. ನಾನು ಅಮ್ಮನಿಗೆ ಕೈ ತೋರಿಸಿ ಒಂದೊಂದೇ ರಾಜ್ಯ ಎಣಿಸಿದೆ. ಆಮೇಲೆ, ತಜ್ಞನಾಗಿ ಹೇಳಬೇಕಾದ ಮಾತು ಹೇಳಿದೆ: ಮೂರು ವಾರ ಮೊದಲು ಬಂದಿದ್ದರೆ ಈ ಕಣಿವೆಯೆಲ್ಲ ಕೆಂಪು, ಹಳದಿ, ಕಿತ್ತಳೆ. ಈಗ ಬರೀ ಕಡ್ಡಿ.

ಅಮ್ಮ ಸೆರಗು ಬಿಗಿಯಾಗಿ ಹೊದ್ದು ಕೆಳಗೆ ನೋಡುತ್ತಿದ್ದರು. “ಉದುರಿದ್ದೇ ಒಳ್ಳೇದಾಯ್ತು ಬಿಡೋ. ನೋಡು, ಹೊಳೆ ಕಾಣತ್ತೆ, ಮನೆಗಳು ಕಾಣತ್ವೆ. ಎಲೆ ಇದ್ದಿದ್ರೆ ಎಲೆ ಅಷ್ಟೇ ಕಾಣ್ತಿತ್ತು.”

ಈ ಅಭಿಪ್ರಾಯ ನನ್ನ ಎಕ್ಸೆಲ್ ಹಾಳೆಯ ಯಾವ ಕಾಲಂಗೂ ಹೊಂದಲಿಲ್ಲವಾದ್ದರಿಂದ ಕೈಬಿಟ್ಟಿದ್ದೇನೆ.

ಫಲಶ್ರುತಿ

ಈ ವಿಧಿಯನ್ನು ಶ್ರದ್ಧೆಯಿಂದ ಪಾಲಿಸಿದವರಿಗೆ ನವೆಂಬರ್ ಕೊನೆಯಲ್ಲಿ ಎಲೆಯಿಲ್ಲದ ಮರಗಳೂ, ಖಾಲಿ ಪಾರ್ಕಿಂಗೂ, ಒಂದು ವರ್ಷಕ್ಕಾಗುವಷ್ಟು ಗೊಜ್ಜೂ ಪ್ರಾಪ್ತವಾಗುತ್ತವೆ. ಮುಂದಿನ ಶರತ್ಕಾಲದ ಗುಂಪನ್ನು ಈಗಾಗಲೇ ತೆರೆದಿದ್ದೇನೆ. ಸೇರುವವರು ಸೇರಬಹುದು. ದಿನಾಂಕ ನಿಧಾನವಾಗಿ ನೋಡೋಣ. ಅಕ್ಕಿ ಯಾರು ತರುತ್ತೀರಿ, ಅದನ್ನು ಮಾತ್ರ ಈಗಲೇ ಹೇಳಿಬಿಡಿ.