ಕೀಲಿಕೈ ಕಾಕಾ

ನಮ್ಮ ಸಭೆಯ ಕೀಲಿಕೈ ಕಾಕಾನನ್ನು "ಹೆಂಗದೀರಿ?" ಅಂತ ಕೇಳಿ ನೋಡಿ. "ಕರ್ತನ ಕೃಪಾದಿಂದ..." ಎಂದು ಶುರು ಮಾಡಿ, ನಡುವೆ ಒಂದು ನಿಟ್ಟುಸಿರು ಬಿಟ್ಟು, "ಆನಂದದಿಂದ ಅದೀನ್ರಿ" ಎಂದು ಮುಗಿಸುತ್ತಾರೆ. ಆ ಧಾಟಿ ಕೇಳಿದರೆ ಮಣ್ಣು ಎಷ್ಟು ಗಂಟೆಗೆ ಎಂದು ವಿಚಾರಿಸಬೇಕೆನಿಸುತ್ತದೆ.

ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಎರಡು ವರ್ಷ ಬಿಟ್ಟು ಹುಬ್ಬಳ್ಳಿಗೆ. ಅಂದಿನಿಂದ ಈ ಕಡೆ ಎಷ್ಟೋ ಅಯ್ಯನವರು ಬಂದರು, ವರ್ಗವಾಗಿ ಹೋದರು. ಕೀಲಿಕೈ ಕಾಕಾ ಮಾತ್ರ ಊರೂರಿಗೆ ಒಬ್ಬರು ಕಾಯಂ. ನಮ್ಮವರದು ಬಿಳಿ ಅಂಗಿ, ಮೇಲೆ ಹನ್ನೆರಡು ತಿಂಗಳೂ ಅದೇ ಕರಿ ಕೋಟು. ಅದರ ಎಡಗಿಸೆ ಮೊಣಕಾಲಿಗೆ ಇಳಿಯುವಷ್ಟು ಭಾರದ ಗೊಂಚಲು: ದೊಡ್ಡ ಬಾಗಿಲಿನದು, ಕಾಣಿಕೆ ಪೆಟ್ಟಿಗೆಯದು, ಮೈಕಿನ ಕಪಾಟಿನದು, ಹಾರ್ಮೋನಿಯಂ ಪೆಟ್ಟಿಗೆಯದು, ಸುಗ್ಗಿ ಹಬ್ಬದ ಬೋಗುಣಿ ಇಟ್ಟ ಕೋಣೆಯದು. ಇನ್ನೆರಡು ಯಾವುದರವೋ ಅವರಿಗೂ ಗೊತ್ತಿಲ್ಲ, ತೆಗೆದಿಡಲು ಧೈರ್ಯವಿಲ್ಲ.

ಆರಾಧನೆಯಲ್ಲಿ ಅವರು ಕೂಡುವುದು ಕಡೆಯ ಬೆಂಚಿನ ತುದಿಗೆ, ಸ್ವಿಚ್‌ಬೋರ್ಡಿನ ಪಕ್ಕ. ನಮ್ಮ ಹಾಡಿನ ಪುಸ್ತಕದ ಎಷ್ಟೋ ರಾಗಗಳು ಜರ್ಮನಿಯಿಂದ ಹಡಗು ಹತ್ತಿ ಬಂದವು. ಅಲ್ಲಿ ಹೇಗೆ ಹಾಡುತ್ತಿದ್ದರೋ, ಇಲ್ಲಿ 'ಹಲ್ಲೆಲೂಯ' ಕೂಡ ಪ್ಯಾಸೆಂಜರ್ ಗಾಡಿಯಂತೆ ಪ್ರತಿ ಅಕ್ಷರಕ್ಕೂ ನಿಂತು ನಿಂತು ಹೊರಡುತ್ತದೆ. ಕಾಕಾನ ಬಾಯಿ ಅದರ ಜೊತೆ ಹೋಗುತ್ತಿದ್ದರೂ ಕಣ್ಣು ಬೇರೆ ಕಡೆ. ಯಾವ ಫ್ಯಾನಿನ ಕೆಳಗೆ ಯಾರೂ ಕೂತಿಲ್ಲ, ಯಾವ ಹುಡುಗ ಹಾಡಿನ ಪುಸ್ತಕದ ಹಾಳೆ ಮಡಚುತ್ತಿದ್ದಾನೆ, ಪ್ರಸಂಗ ಎಷ್ಟು ನಿಮಿಷ ಹೆಚ್ಚಾಯಿತು, ಎಲ್ಲದಕ್ಕೂ ಲೆಕ್ಕ.

ಮೊದಲಿನಿಂದ ಹೀಗಿದ್ದವರಲ್ಲ. ಹರೆಯದಲ್ಲಿ ಕ್ರಿಸ್ಮಸ್ ರಾತ್ರಿ ಮನೆ ಮನೆಗೆ ಹಾಡು ಹೇಳುತ್ತ ಹೋಗುವಾಗ ದಮ್ಮಡಿ ಬಾರಿಸುತ್ತಿದ್ದವರು ಇವರೇ. ಅದನ್ನು ನೋಡಿಯೇ ಕಾಕು ಮದುವೆಗೆ ಹ್ಞೂಂ ಅಂದದ್ದಂತೆ. "ಹುಡುಗ ಸಂತೋಷದಿಂದ ಮಾಡ್ತಾನ" ಎಂದು ಹಿರಿಯರು ಹಾರ್ಮೋನಿಯಂ ಪೆಟ್ಟಿಗೆಯ ಕೀಲಿ ಕೊಟ್ಟರು. ಅದನ್ನೂ ಸಂತೋಷದಿಂದ ಮಾಡಿದ. ಇನ್ನೊಂದು ಕೊಟ್ಟರು. ನಮ್ಮ ಸಭೆಗಳ ಪದ್ಧತಿಯೇ ಅದು: ಸಂತೋಷದಿಂದ ಕೆಲಸ ಮಾಡುವವರನ್ನು ಹುಡುಕಿ, ಅದು ತೀರುವ ತನಕ ಕೆಲಸ ಕೊಡುವುದು.

ತೀರಿದ್ದು ಕಾಕಾಗೂ ಗೊತ್ತಾಗಿತ್ತು. ಒಮ್ಮೆ ಕೂಟಕ್ಕೆ ಬಂದ ಬೋಧಕರೊಬ್ಬರು 51ನೇ ಕೀರ್ತನೆ ತೆಗೆದು, ದಾವೀದ ಕಳಕೊಂಡ ಆನಂದವನ್ನು ದೇವರ ಹತ್ತಿರ ಮತ್ತೆ ಬೇಡಿದ, ಮೊದಲು ಗುಪ್ತ ಪಾಪ ಹುಡುಕಿರಿ ಎಂದರು. ಕಾಕಾ ಮೂರು ದಿನ ಉಪವಾಸವಿದ್ದು ಹುಡುಕಿದರು. ದಾವೀದನದು ಪರರ ಹೆಂಡತಿ, ಮೇಲೊಂದು ಕೊಲೆ. ಕಾಕಾಗೆ ಸಿಕ್ಕಿದ್ದು ಸುಗ್ಗಿ ಹಬ್ಬದ ಲಿಲಾವಿನಲ್ಲಿ ತಮ್ಮದೇ ಹಿತ್ತಲಿನ ಕುಂಬಳಕಾಯಿಯನ್ನು ತಾವೇ ಅಗ್ಗಕ್ಕೆ ಕೂಗಿ ಮನೆಗೆ ತಂದದ್ದು. ಅದರ ಬಾಕಿ ಕಾಣಿಕೆ ಪೆಟ್ಟಿಗೆಗೆ ಹಾಕಿದರು. ಆನಂದ ಬರಲಿಲ್ಲ, ತಲೆಸುತ್ತು ಬಂತು.

"ಎಲೀಯ ಸಾಯಬೇಕಂತ ಗಿಡದ ಬುಡಕ ಬಿದ್ದಾಗ ದೇವದೂತ ಬಂದು ಪ್ರಸಂಗ ಮಾಡ್ಲಿಲ್ಲ," ಎಂದರು ಕಾಕು, ರೊಟ್ಟಿ ಬಡಿಯುತ್ತ. "ಎಬ್ಬಿಸಿ ರೊಟ್ಟಿ ಕೊಟ್ಟ. ತಿಂದು ಮತ್ತ ಮಲಗಿದ. ಮತ್ತೊಮ್ಮೆ ಎಬ್ಬಿಸಿ ಮತ್ತ ಕೊಟ್ಟ. ನೀವೂ ಉಂಡು ಮಲಗ್ರಿ." ನಮ್ಮಲ್ಲಿ ದೇವಜ್ಞಾನ ಓದಿದವರು ಬೇಕಾದಷ್ಟು ಜನ ಇದ್ದಾರೆ; ನಾನು ಮಾತ್ರ ಈ ವಿಷಯದಲ್ಲಿ ಕಾಕು ಪಾರ್ಟಿ.

ಬೈಬಲ್ ಅಧ್ಯಯನದಲ್ಲಿ ಫಿಲಿಪ್ಪಿಯ ಸೆರೆಮನೆ ಬಂದ ಸಂಜೆ ಇನ್ನೂ ಚೆನ್ನಾಗಿ ನೆನಪಿದೆ. ನಡುರಾತ್ರಿ ಪೌಲನೂ ಸೀಲನೂ ಹಾಡುತ್ತಾರೆ, ಭೂಕಂಪವಾಗುತ್ತದೆ, ಬಾಗಿಲುಗಳೆಲ್ಲ ತಾವಾಗಿ ತೆರೆದುಕೊಳ್ಳುತ್ತವೆ. ನಮಗೆಲ್ಲ ಮೈ ಝುಂ ಎಂದಿತು. ಕಾಕಾ ಮಾತ್ರ ಸೆರೆಮನೆಯ ಕಾವಲುಗಾರನ ಕಡೆ.

"ಪಾಪ, ಕತ್ತಿ ಹಿರಿದಾ ನೋಡ್ರಿ ಸಾಯಾಕ. ಕೀಲಿ ಇಟ್ಕೊಂಡಾಂವಗ ಗೊತ್ತು ಅದರ ಸಂಕಟ."

"ಆದ್ರ ಅವನೇ ಅದೇ ರಾತ್ರಿ ಅವರ ಗಾಯ ತೊಳೆದು, ಊಟಕ್ಕ ಕೂಡಿಸಿ, ಮನಿ ಮಂದಿ ಕೂಡ ಸಂಭ್ರಮ ಮಾಡಿದ್ನಲ್ರಿ," ಎಂದರು ಅಯ್ಯನವರು.

"ಮಾಡಿದಾ. ಮರುದಿನ ಮ್ಯಾಲಿನವ್ರಿಗೆ ಏನ್ ರಿಪೋರ್ಟ್ ಕೊಟ್ಟಾ?"

ಅದೇ ಊರಿನ ಸಭೆಗೆ ಪೌಲ ಮುಂದೆ ಪತ್ರ ಬರೆದಾಗಲೂ ಸೆರೆಯಲ್ಲೇ ಇದ್ದ. ಇರುವುದು ನಾಲ್ಕೇ ಅಧ್ಯಾಯ, ತುಂಬ ಸಂತೋಷದ ಮಾತೇ ಎಂದು ಅಯ್ಯನವರು ಕೈಬಿಡದೆ ಹೇಳಿದರು. ಕಾಕಾ ತಲೆ ಆಡಿಸಿದರು. "ಜೈಲಿನ್ಯಾಗ ಇದ್ದಾ, ಸಂತೋಷ ಇತ್ತು. ಕಮಿಟಿಯೊಳಗ ಇರಬೇಕಿತ್ತು."

ಈಸ್ಟರ್ ಮುಗಿದ ಮುಂದಿನ ಐತವಾರ ಗೊಂಚಲು ಕಳೆಯಿತು.

ಬಾಗಿಲ ಮುಂದೆ ಇಡೀ ಸಭೆ ನಿಂತಿದೆ. ಕಾಕಾ ಎಡಗಿಸೆಗೆ ಕೈ ಹಾಕಿದರು, ಬಲಗಿಸೆಗೆ ಹಾಕಿದರು, ಮತ್ತೆ ಎಡಗಿಸೆಗೆ. ಮುಖ ಆ ಕಾವಲುಗಾರನದೇ, ಕತ್ತಿ ಒಂದಿಲ್ಲ. ಯಾರೋ ಮನೆಗೆ ಓಡಿದರು, ಯಾರೋ ಕೀಲಿ ರಿಪೇರಿಯವನಿಗೆ ಫೋನ್ ಹಚ್ಚಿದರು; ಅವನು ಊರಲ್ಲಿಲ್ಲ. ಭಾನುವಾರ ಶಾಲೆಯ ಮಕ್ಕಳಿಗೆ ಮಾತ್ರ ಇದು ಎರಡನೇ ಈಸ್ಟರ್. ಅಯ್ಯನವರು ಗಡಿಯಾರ ನೋಡಿ, "ನಡೀರಿ ಬೇವಿನ ಗಿಡದ ಬುಡಕ" ಎಂದರು. ಎದುರುಮನೆ ಅಜ್ಜಿ ಮದುವೆಗೆ ಇಟ್ಟಿದ್ದ ಜಮಖಾನೆ ಕೊಟ್ಟರು.

ಮೈಕಿಲ್ಲ, ಹಾರ್ಮೋನಿಯಂ ಇಲ್ಲ, ಕಾಣಿಕೆಗೆ ಯಾರದೋ ಊಟದ ಡಬ್ಬಿಯ ಮುಚ್ಚಳ. ಕಾಕಾ ಅಭ್ಯಾಸಬಲದಿಂದ ಮೂರು ಸಲ ಎದ್ದರು. ಆರಿಸಲು ಫ್ಯಾನಿಲ್ಲ, ಹಾಕಲು ಕಿಟಕಿಯಿಲ್ಲ. ಮೂರು ಸಲವೂ ಕೂತರು. ಬೇವಿನ ಹೂವು ಕರಿ ಕೋಟಿನ ಮೇಲೆ ಉದುರುತ್ತಿತ್ತು, ಒರೆಸುವುದನ್ನೂ ಬಿಟ್ಟರು. ಎರಡನೇ ಹಾಡಿಗೆ ಯಾವಳೋ ಪೋರಿ ದಮ್ಮಡಿ ತಂದು ಅವರ ತೊಡೆಯ ಮೇಲಿಟ್ಟಳು. ಕಪಾಟಿನಲ್ಲಿ ಹಿಡಿಸದೆ ಮಕ್ಕಳ ಹತ್ತಿರವೇ ಉಳಿದಿದ್ದ ಒಂದೇ ಸಾಮಾನು ಅದು. ಕಾಕಾ ಒಂದು ಬೆರಳಿನಿಂದ ತಟ್ಟಿದರು, ಮಾಲು ಖರೀದಿಗೆ ಬಂದವರ ಹಾಗೆ. ಆಮೇಲೆ ಎರಡು ಬೆರಳು. ಮೂರನೇ ಚರಣ ಬರುವಷ್ಟರಲ್ಲಿ ಜರ್ಮನಿಯ ರಾಗ ಜಾತ್ರೆಯ ಬಂಡಿಯಂತೆ ಓಡುತ್ತಿತ್ತು, ಅಯ್ಯನವರು ಶಬ್ದ ಹಿಡಿಯಲು ಹಿಂದೆ ಹಿಂದೆ ಓಡುತ್ತಿದ್ದರು, ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಎಲ್ಲ ಮುಗಿದು ನಾನೂ ಕಾಕಾನೂ ಜಮಖಾನೆ ಮಡಚಲು ಬಗ್ಗಿದೆವು. ಅವರ ಕೋಟಿನ ಅಂಚಿನಲ್ಲಿ ಝಣ್ ಎಂದಿತು. ಕಿಸೆ ಹರಿದು ಗೊಂಚಲು ಒಳಗಿನ ಅಸ್ತರಿಗೆ ಇಳಿದಿತ್ತು.

"ಕಾಕಾ, ಕೀಲಿ ಇಲ್ಲೇ ಅದಾವಲ್ರಿ!"

"ಗೊತ್ತೈತಿ, ಸುಮ್ನಿರು."

"ಯಾವಾಗ ಗೊತ್ತಾತ್ರಿ?"

"ಎರಡನೇ ಹಾಡಿಗೆ," ಎಂದು ಅತ್ತಿತ್ತ ನೋಡಿ, ದನಿ ತಗ್ಗಿಸಿದರು. "ನಿಮ್ಮ ಕಾಕುಗ ಹೇಳಬ್ಯಾಡ. ಕಿಸೆ ಹೊಲದು ಬಿಡ್ತಾಳ."